ಕುತ್ತಿಗೆ ಇಲ್ಲದ ನವಿಲು

ಅಕ್ಕಲಕೋಟ ರಸ್ತೆಯ ನನ್ನ ಚಾದರ ಕಾರಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ವಳಸಂಗದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಯಾರು ಎದುರಾದರೂ ‘ಎಲ್ಲಿ ಸಿಕ್ಕೊಂಡೀರಿ?’ ಎಂದೇ ಮಾತು ಶುರು. ವರ್ಷಕ್ಕೊಮ್ಮೆ ಕಂಪ್ಯೂಟರ್ ಮಂದಿಯ ರಾಷ್ಟ್ರೀಯ ಸಮ್ಮೇಳನಕ್ಕೆ ನಾಲ್ಕು ದಿನ ರಜೆ ಕೇಳುವರು.

‘ಅಲ್ಲಿ ಊಟ ಚಲೋ ಇರ್ತದೇನ್ರಿ?’ ಎಂದು ನಾನು ಚುಚ್ಚುತ್ತಿದ್ದೆ.

‘ಭಾಷಣ ಮೊಬೈಲಿನ್ಯಾಗೂ ಸಿಗತಾವ್ರಿ ಶೇಠಜಿ. ತಾವು ಎಲ್ಲಿ ಸಿಕ್ಕೊಂಡಿದ್ರು ಅನ್ನೂದು ಮಂದಿ ಚಹಾದ ಪಾಳಿಯೊಳಗ ನಿಂತಾಗ ಅಷ್ಟ ಹೇಳ್ತಾರ.’

ಅವರ ಡೈರಿಯಲ್ಲಿ, ಅಲ್ಲಿ ಸಿಕ್ಕವರ ಹೆಸರಿನ ಮುಂದೆ ಹುದ್ದೆ ಇರುತ್ತಿರಲಿಲ್ಲ, ಆ ಮನುಷ್ಯನ ತೊಡಕು ಇರುತ್ತಿತ್ತು.

ಒಮ್ಮೆ ಮಗ್ಗಕ್ಕೆ ಚಿತ್ತಾರ ಕಳಿಸುವ ಹೊಸ ಕಂಪ್ಯೂಟರ್ ಕೂಡಿಸಿದ್ದೇ ತಡ, ಚಾದರದ ನವಿಲುಗಳೆಲ್ಲ ಕುತ್ತಿಗೆ ಇಲ್ಲದೆ ನೇಯ್ದು ಬಂದವು. ಮಗ್ಗ ನಿಲ್ಲಿಸಿದೆವು. ಇವರು ಡೈರಿ ತಿರುವಿ ಪಾಣಿಪತ್ತಿನ ಕಂಬಳಿ ಕಾರಖಾನೆಯ ಯಾರಿಗೋ ಫೋನ್ ಹಚ್ಚಿ, ‘ನಿಮ್ಮ ಆನೆಗೆ ಸೊಂಡಿಲು ಹೇಗೆ ಬಂತು?’ ಎಂದು ಹಿಂದಿಯಲ್ಲಿ ಕೇಳಿದರು. ಊಟದ ಹೊತ್ತಿಗೆ ನವಿಲುಗಳು ಕುತ್ತಿಗೆ ಎತ್ತಿದವು.

ಮುಂದಿನ ಸಮ್ಮೇಳನಕ್ಕೆ ನಾನೇ ಟಿಕೀಟು ತೆಗೆಸಿದೆ. ಹೊರಡುವಾಗ ಅವರು ಆ ಕೆಟ್ಟ ಚಾದರವನ್ನೇ ಚೀಲಕ್ಕೆ ತುರುಕುತ್ತಿದ್ದರು.

‘ಮರ್ಯಾದಿ ಹೋಗ್ತದರಿ, ಚಲೋದು ಒಯ್ರಿ’ ಅಂದೆ.

‘ಚಲೋದು ತೋರಿಸಿದ್ರ ಮಂದಿ ಹೊಗಳಿ ಹೋಗ್ತಾರ್ರಿ ಶೇಠಜಿ. ಇದನ್ನ ತೋರಿಸಿದ್ರ ಬಾಜೂಕ ಬಂದು ಕೂಡತಾರ.’