ಆಂಜನಪ್ಪನ ಮುಖಕ್ಕೊಂದು ಲೈಸೆನ್ಸು

ನಮ್ಮ ಅಂಗಳದಲ್ಲಿ ಕಾಯಿ ಸುಲಿಯುವ ಆಂಜನಪ್ಪನ ಬಗ್ಗೆ ಬರೆಯಲು ಕೂತರೆ ಮೊದಲು ಕೋಪ ಬರುತ್ತದೆ. ಅವನ ಮೇಲಲ್ಲ. ಯಾರ ಮೇಲೆ ಎಂದು ಕೇಳಿದರೆ ಬೆರಳು ಮಾಡಿ ತೋರಿಸಲು ಒಬ್ಬ ಕೆಟ್ಟವನೂ ಸಿಗುವುದಿಲ್ಲ. ಅದಕ್ಕೇ ಇನ್ನಷ್ಟು ಕೋಪ.

ನಾನು ಹಾಲ್ಕುರಿಕೆಯ ರೇಣುಕಪ್ರಸಾದ್, ಕೊಬ್ಬರಿ ವ್ಯಾಪಾರ ನನ್ನದು. ಅಟ್ಟದಲ್ಲಿ ಒಣಗಿದ ಕಾಯಿ ಇಳಿಸಿದ ದಿನ ಆಂಜನಪ್ಪ ಬರುತ್ತಾನೆ. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಕುಕ್ಕಿ ಒಂದು ತಿರುವು ಕೊಟ್ಟರೆ ಮಟ್ಟೆ ಬಿಟ್ಟುಕೊಳ್ಳುತ್ತದೆ. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ನನ್ನ ಹೊಟ್ಟೆ, ನನ್ನ ಹಳೇ ಸ್ಕೂಟರು, ನಮ್ಮ ಮನೆಯ ಸಾರಿನ ಉಪ್ಪು, ಎಲ್ಲದರ ಮೇಲೂ ಅವನದೊಂದು ಮಾತು ಇದ್ದೇ ಇರುತ್ತದೆ.

ಅವನು ಒಂದು ಕಾಲದಲ್ಲಿ ಕುಡಿಯುತ್ತಿದ್ದ. ಸಣ್ಣ ಕುಡಿತವಲ್ಲ, ಮಟ್ಟೆಯ ರಾಶಿಯ ಮೇಲೇ ಬಿದ್ದಿರುತ್ತಿದ್ದ. ಹೆಂಡತಿ ಹುಚ್ಚಕ್ಕ ಹಸುಗೂಸನ್ನು ಎತ್ತಿಕೊಂಡು ಚಿಕ್ಕನಾಯಕನಹಳ್ಳಿ ಕಡೆಯ ತವರಿಗೆ ಹೊರಟುಹೋದಳು. ಕರೆತರಲು ಅವನ ಜೊತೆ ನಾನೇ ಹೋಗಿದ್ದೆ. ಹುಚ್ಚಕ್ಕ ಕೇಳಿದ್ದು ಎರಡೇ: ಕುಡಿತ ಬಿಡಬೇಕು, ಮಗಳಿಗೆ ಈ ವಿಷಯ ಯಾವತ್ತೂ ಗೊತ್ತಾಗಬಾರದು. ಬಿಟ್ಟ. ಮೈಯೆಲ್ಲ ನಡುಗಿಕೊಂಡು ನಮ್ಮ ಜಗಲಿಯ ಮೇಲೆ ಕೂತಿರುತ್ತಿದ್ದ ಆ ದಿನಗಳನ್ನು ನಾನು ಕಂಡಿದ್ದೇನೆ. ಊರೂ ದೊಡ್ಡ ಮನಸ್ಸು ಮಾಡಿ ಮರೆತಂತೆ ಇತ್ತು. ಮಗಳು ಮಂಗಳಾ ಈಗ ಏಳನೇ ಕ್ಲಾಸು. ಅವಳಿಗೆ ಗೊತ್ತಿರುವುದು ಎಲೆಅಡಿಕೆಯನ್ನೂ ಮುಟ್ಟದ ಅಪ್ಪ. ಆ ಅಪ್ಪನನ್ನು ಅವಳಿಗೋಸ್ಕರ ಉಳಿಸಿಕೊಳ್ಳುವುದೇ ಆಂಜನಪ್ಪನ ಬಾಳಿನ ದೊಡ್ಡ ಕೆಲಸವಾಗಿತ್ತು.

ಶಾಲೆಯ ಭಾನುಪ್ರಿಯಾ ಮೇಡಂ ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವಷ್ಟು ತಾಳ್ಮೆ ನನಗೆ ಇರಲಾರದು. ಇಂಟರ್ನೆಟ್ಟಿನಲ್ಲಿ ಅವರಿಗೆ ಸಿಕ್ಕ ತೆಂಗಿನ ಚಿತ್ರಗಳೆಲ್ಲ ಸಮುದ್ರದ ದಂಡೆಯವು. ನಮ್ಮ ಮಕ್ಕಳಿಗೆ ನಮ್ಮ ತೋಟವೇ ಕಾಣಲಿ ಎಂದು ತಾವೇ ಫೋಟೋ ತೆಗೆದು ಪಾಠ ತಯಾರಿಸಲು ಹೊರಟರು. ಒಂದು ಮಧ್ಯಾಹ್ನ ನಮ್ಮ ಅಂಗಳಕ್ಕೂ ಬಂದರು. ಆಂಜನಪ್ಪ ದಣಿದಿದ್ದ. ಹುಚ್ಚಕ್ಕ ಕಳಿಸಿದ್ದ ಮಜ್ಜಿಗೆಯನ್ನು ಕರಟಕ್ಕೆ ಬಗ್ಗಿಸಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ ಕುಡಿಯುತ್ತಿದ್ದ. ತೆಗೆಯಲಾ ಎಂದು ಕೇಳಿದರು. ಮಕ್ಕಳಿಗೆ ತಾನೇ, ತೆಗೆಯಿರಿ ಎಂದ.

ಆ ಫೋಟೋ ‘ಕರಟದ ಉಪಯೋಗಗಳು’ ಎಂಬ ಪುಟಕ್ಕೆ ಸೇರಿತು. ಮೇಡಂ ಪಾಠವನ್ನು ಇಂಟರ್ನೆಟ್ಟಿಗೆ ಹಾಕಿ ಮುಕ್ತ ಲೈಸೆನ್ಸು ಕೊಟ್ಟರು. ಅಂದರೆ ಯಾರು ಬೇಕಾದರೂ ಕೇಳದೆ ಬಳಸಬಹುದು, ಕತ್ತರಿಸಬಹುದು, ತಿದ್ದಬಹುದು. ಮಾಡಿದವರ ಹೆಸರು ಹಾಕಿದರೆ ಸಾಕು. ಎಲ್ಲೆಲ್ಲಿಯದೋ ಮೇಷ್ಟ್ರುಗಳು ಅದನ್ನು ತೆಗೆದುಕೊಂಡು, ತಮ್ಮ ಕಡೆಯ ಬಿದಿರು, ಈಚಲಿನ ಪಾಠ ಸೇರಿಸಿ ವಾಪಸು ಹಾಕಿದರು. ಮೇಡಂ ನನಗೆ ಫೋನಿನಲ್ಲಿ ತೋರಿಸಿ ಹಿಗ್ಗಿದರು. ನಾನೂ ಭೇಷ್ ಎಂದೆ.

ಹೋದ ತಿಂಗಳು ಶಾಲೆಯಲ್ಲಿ ಕುಡಿತದ ವಿರುದ್ಧ ಜಾಗೃತಿ ಕಾರ್ಯಕ್ರಮವಿತ್ತು. ಎಲ್ಲೋ ದೂರದ ಒಂದು ಸಂಸ್ಥೆ ದೊಡ್ಡ ದೊಡ್ಡ ಪಟಗಳನ್ನು ಅಚ್ಚು ಹಾಕಿಸಿ ಕಳಿಸಿತ್ತು. ಮೇಡಂ ತರಬೇತಿಗೆಂದು ತುಮಕೂರಿಗೆ ಹೋಗಿದ್ದರು. ಹೊಸದಾಗಿ ಬಂದ ಮೇಷ್ಟ್ರೊಬ್ಬರು ಪಟಗಳನ್ನು ಗೋಡೆಗೆ ಅಂಟಿಸಿದರು. ಒಂದರಲ್ಲಿ ಆಂಜನಪ್ಪ. ಅಂಗಳ, ಮಟ್ಟೆ, ಮಜ್ಜಿಗೆಯ ತಂಬಿಗೆ ಎಲ್ಲ ಕತ್ತರಿಸಿ ಹೋಗಿ ಮುಖ ಮತ್ತು ಕರಟ ಮಾತ್ರ ಉಳಿದಿದ್ದವು. ಮೇಲೆ ಕೆಂಪಕ್ಷರದಲ್ಲಿ ‘ಇವನ ಮಕ್ಕಳ ಗತಿಯೇನು?’ ಎಂದಿತ್ತು. ಕೆಳಗೆ ಇರುವೆ ಗಾತ್ರದಲ್ಲಿ ‘ಚಿತ್ರ: ಭಾನುಪ್ರಿಯಾ’. ನಿಯಮ ಮಾತ್ರ ತಪ್ಪಿರಲಿಲ್ಲ, ಪುಣ್ಯಾತ್ಮರು.

ಹೊಸ ಮೇಷ್ಟ್ರಿಗೆ ಆಂಜನಪ್ಪ ಯಾರೆಂದು ಗೊತ್ತಿರಲಿಲ್ಲ, ಮಕ್ಕಳಿಗೆ ಗೊತ್ತಿತ್ತು. ಮಂಗಳಾ ಆ ದಿನ ಆಡಿಕೊಂಡು ನಕ್ಕ ಒಬ್ಬ ಹುಡುಗನ ಕೆನ್ನೆಗೆ ಬಾರಿಸಿ, ಪಟ ಕಿತ್ತುಕೊಂಡು ಮನೆಗೆ ಬಂದಳು. ಅದನ್ನು ನೋಡಿದ ಹುಚ್ಚಕ್ಕ, ಮಜ್ಜಿಗೆ ಕಳಿಸಿದವಳು ನಾನೇ ಆದರೂ ಮತ್ತೆ ಕುಡಿದನೇನೋ ಎಂದು ಒಂದು ಗಳಿಗೆ ಅನ್ನಿಸಿಬಿಟ್ಟಿತು ಎಂದು ನನ್ನ ಹತ್ತಿರ ಹೇಳಿಕೊಂಡಳು.

ಮೇಡಂ ಊರಿಗೆ ಬಂದ ದಿನವೇ ನಾನೂ ಆಂಜನಪ್ಪನೂ ಶಾಲೆಗೆ ಹೋದೆವು. ನಾನು ಕೂಗಾಡಿದೆ. ಅವರು ಅಳುಮೋರೆಯಲ್ಲಿ ವಿವರಿಸಿದರು: ವಿಷಯ ತಿಳಿದು ತುಮಕೂರಿನಿಂದಲೇ ಸಂಸ್ಥೆಗೆ ಬರೆದಿದ್ದೇನೆ, ಇಂಟರ್ನೆಟ್ಟಿನಿಂದ ತೆಗೆಯುತ್ತಾರಂತೆ, ಆದರೆ ಅಚ್ಚಾದ ಪಟಗಳು ಆಗಲೇ ಹಲವು ಶಾಲೆ ಸೇರಿವೆ, ಕೊಟ್ಟ ಲೈಸೆನ್ಸು ಹಿಂದಕ್ಕೆ ಪಡೆಯಲು ಬರುವುದಿಲ್ಲ. ನನಗೆ ಲೈಸೆನ್ಸು ಎಂದರೆ ಮಳಿಗೆಯ ಗೋಡೆಗೆ ತೂಗುಹಾಕುವ ಕಾಗದ. ಆಂಜನಪ್ಪನಿಗೆ ಅದು ಬ್ರಾಂದಿ ಅಂಗಡಿಗೆ ಕೊಡುವಂಥದ್ದು, ಬೇರೆ ಅರ್ಥ ತಿಳಿಯದು. ಆ ಪದ ಕೇಳುತ್ತಲೇ ಅವನು ಬಿಳಿಚಿಕೊಂಡ.

“ಫೋಟೋ ನಿಮ್ದು ಮೇಡಂ, ಒಪ್ಕತೀನಿ. ಮುಖ ನಂದಲ್ವ್ರಾ? ಅದುಕ್ಕೆ ಲೈಸೆನ್ಸ್ ಕೊಡೋರು ಯಾರು?” ಎಂದ.

ಮೇಡಂ ಹಂಚಬೇಕೆಂಬ ಆಸೆಯಲ್ಲಿ ತಮ್ಮದಲ್ಲದ್ದನ್ನೂ ಹಂಚಿಬಿಟ್ಟಿದ್ದರು. ಅಷ್ಟು ಕೂಗಾಡಿದ ನನಗೇ ಅವರನ್ನು ಕಂಡು ಮರುಕ ಬಂತು.

ತಪ್ಪು ಸರಿಪಡಿಸುವ ಅವಸರದಲ್ಲಿ ಅವರು ಇನ್ನೊಂದು ಎಡವಟ್ಟು ಮಾಡಿದರು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮಕ್ಕಳ ಮುಂದೆ ನಿಂತು, ಆ ಕರಟದಲ್ಲಿದ್ದದ್ದು ಮಜ್ಜಿಗೆ, ನಾನೇ ಕಣ್ಣಾರೆ ಕಂಡಿದ್ದೇನೆ, ಆಂಜನಪ್ಪ ಜೀವಮಾನದಲ್ಲೇ ಹೆಂಡ ಮುಟ್ಟಿದವರಲ್ಲ ಎಂದರು. ಅವರು ನಮ್ಮೂರಿಗೆ ಬಂದು ಎರಡೇ ವರ್ಷ, ಹಳೆಯದು ಗೊತ್ತಿಲ್ಲ. ಗೊತ್ತಿದ್ದ ದೊಡ್ಡವರೆಲ್ಲ ಬಾಯಿ ಮುಚ್ಚಿಕೊಂಡರು. ಸದ್ಯ ಮುಗಿಯಿತಲ್ಲ ಎಂದುಕೊಂಡೆ.

ಆಂಜನಪ್ಪನ ಪಾಲಿಗೆ ಮುಗಿಯಲಿಲ್ಲ. ಅವನ ಬಾಯಿ ಕಟ್ಟಿಹೋಯಿತು. ಕಾಯಿ ಕೈಯಲ್ಲಿ ಹಿಡಿದು ಹಾರೆಯ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದ. ಏನಪ್ಪ ಎಂದು ಕೇಳಿದರೆ, ನನ್ನ ಮೇಲೆ ಹೇಳಿದ ಸುಳ್ಳನ್ನು ಹೇಗೋ ತಡೆದುಕೊಂಡೆ, ನನ್ನ ಪರವಾಗಿ ಹೇಳಿದ ಸುಳ್ಳು ಗಂಟಲಲ್ಲಿ ಇಳಿಯುತ್ತಿಲ್ಲ ಎಂದ. ಟೀ ಅಂಗಡಿಯಲ್ಲಿ ಹಳೇ ಮಾತು ಮತ್ತೆ ಎದ್ದಿದೆ, ಯಾರಾದರೂ ಮಗಳ ಕಿವಿಗೆ ಹಾಕಿಯೇ ಹಾಕುತ್ತಾರೆ, ಆಮೇಲೆ ಅವಳು ಮೇಡಂ ಅವರನ್ನೂ ನಂಬುವುದಿಲ್ಲ, ನನ್ನನ್ನೂ ನಂಬುವುದಿಲ್ಲ ಎಂದ. ತಾನೇ ಹೇಳಿಬಿಡುತ್ತೇನೆಂದು ಹೊರಟವನನ್ನು ಹುಚ್ಚಕ್ಕ ಬೇಡವೆಂದು ತಡೆದಳು. ಮಗು ತಲೆ ಎತ್ತಿಕೊಂಡು ಓಡಾಡುತ್ತಿದೆ, ಇರಲಿ ಬಿಡು ಎಂದು ನಾನೂ ಗದರಿದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಮಂಗಳಾ ಅಪ್ಪನಿಗೆ ಬುತ್ತಿ ತಂದಳು. ಬಲು ಹುರುಪಿನಲ್ಲಿದ್ದಳು, ಏಟು ತಿಂದ ಹುಡುಗ ಬಂದು ತಪ್ಪಾಯಿತು ಎಂದನಂತೆ. ಆಂಜನಪ್ಪ ಕಾಯಿ ಕೆಳಗಿಟ್ಟು ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ಆ ಕರಟದಾಗೆ ಇದ್ದಿದ್ದು ಮಜ್ಜಿಗೇನೆ ಕಣವ್ವ. ಆದ್ರೆ ನೀನು ಕೂಸಾಗಿದ್ದಾಗ ನಾನು ಕುಡೀತಿದ್ದೆ. ಭಾಳ ಕುಡೀತಿದ್ದೆ. ಮೇಡಂಗೆ ಗೊತ್ತಿಲ್ದೆ ಹಂಗಂದ್ರು.”

ಬುತ್ತಿ ಬಿಸಾಡಿ ಓಡಿಹೋಗುತ್ತಾಳೆ ಎಂದುಕೊಂಡು ನಾನು ಬಾಗಿಲಲ್ಲೇ ನಿಂತಿದ್ದೆ. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಭಯವಿತ್ತು. ಎರಡೂ ಕೈಯಿಂದ ಅಪ್ಪನ ತಲೆ ಹಿಡಿದುಕೊಂಡಳು. ಹಣೆ, ತೋಳು, ಎದೆ ಎಲ್ಲ ಮುಟ್ಟಿ ಮುಟ್ಟಿ ನೋಡತೊಡಗಿದಳು.

ಯಾಕವ್ವ ಎಂದು ಆಂಜನಪ್ಪ ಗಾಬರಿಯಾಗಿ ಕೇಳಿದ.

“ನಮ್ಮಪ್ಪ ಯಾವತ್ತೂ ಕುಡಿದಿಲ್ಲ ಅಂತ ಎಲ್ರ ಮುಂದೆ ಆಣೆ ಇಟ್ಬುಟ್ಟಿದೀನಿ,” ಎಂದು ಬಿಕ್ಕಿದಳು. “ನಿನ್ ಮ್ಯಾಲೇ ಇಟ್ಟೆ ಕಣಪ್ಪ. ನಿಂಗೇನಾರ ಆದ್ರೆ?”