ಅಕ್ಕನ ಕೈಯ ಬೋಣಿ

ಕೊಡಗು ಇನ್ನೂ ತನ್ನಷ್ಟಕ್ಕೆ ಒಂದು ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದು ಈಗಿನ ಕುಶಾಲನಗರದ ಹತ್ತಿರ ನೆಲೆನಿಂತ ನಾವು ಹೊಳೆದಂಡೆಯಲ್ಲಿ ಬದನೆ ಬೆಳೆದು, ವಾರಕ್ಕೊಮ್ಮೆ ಎತ್ತಿನ ಗಾಡಿಯಲ್ಲಿ ಸುಂಟಿಕೊಪ್ಪದ ಸಂತೆಗೆ ಒಯ್ಯುತ್ತಿದ್ದೆವು.

ಆ ಸಂತೆಯಲ್ಲಿ ನನ್ನ ಅಕ್ಕನಿಗಿದ್ದ ಮರ್ಯಾದೆ ಪಟೇಲರಿಗೂ ಇರಲಿಲ್ಲ. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಅವಳ ಕೈಯಿಂದ ಆದರೆ ಸಂಜೆಯೊಳಗೆ ಬುಟ್ಟಿ ಖಾಲಿ ಎಂದು ಎಲ್ಲರೂ ನಂಬಿದ್ದರು. ಒಣಮೀನು ಮಾರುವ ಮಲಯಾಳಿ ಕಾಕ, ಕಡಲೆಪುರಿ ಮಾರುವ ತಮಿಳು ಹೆಂಗಸು, ಬೆಲ್ಲದವನು, ಎಲ್ಲರೂ ಮೊದಲು ತಮ್ಮಲ್ಲಿಗೇ ಬಾ ಎಂದು ಅವಳನ್ನು ಕೂಗುವವರೇ. ನಾವು ಮೀನು ತಿನ್ನುವ ಜನವಲ್ಲ. ಆದರೂ ಅಕ್ಕ ಕಾಕನ ಮಾತು ತೆಗೆದುಹಾಕಲಾರದೆ ಒಂದು ಹಿಡಿ ಕೊಂಡು ಸಂತೆಯ ಬೆಕ್ಕುಗಳಿಗೆ ಹಾಕುತ್ತಿದ್ದಳು.

ಅವಳ ಮದುವೆಯಾಗಿ ವರ್ಷ ತುಂಬುವ ಮೊದಲೇ ಭಾವ ಚಳಿಜ್ವರದಲ್ಲಿ ತೀರಿಕೊಂಡರು. ಅಕ್ಕ ಬರಿಗೈ, ಬರಿಹಣೆಯಲ್ಲಿ ತವರಿಗೆ ವಾಪಸಾದಳು. ಅವಳು ಎದುರಾದರೆ ಊರಿನವರು ದಾರಿ ಬದಲಿಸುತ್ತಿದ್ದರು; ಹಾಳಾಗಿ ಹೋಗಲಿ ಅವರ ದಾರಿ. ಅಕ್ಕ ಅದನ್ನೂ ಸಹಿಸಿಕೊಂಡಳು, ಏಕೆಂದರೆ ಅವಳ ಮನಸ್ಸಿನಲ್ಲಿ ಸಂತೆ ಇತ್ತು. ಅವ್ವನನ್ನು ತಿಂಗಳುಗಟ್ಟಲೆ ಕಾಡಿ ಕೊನೆಗೂ ಗಾಡಿ ಹತ್ತಿದ ದಿನ ನನ್ನ ಕಿವಿಯಲ್ಲಿ ಹೇಳಿದಳು:

“ಊರೋರ ತರ ಅಲ್ಲ ಕಣೇ ಸಂತೆಯೋರು. ನನ್ನ ಕೈ ಎಂಥದ್ದು ಅಂತ ಅವರಿಗೆ ಗೊತ್ತು.”

ಸಂತೆಯಲ್ಲಿ ಯಾರೂ ಒರಟಾಗಿ ಮಾತಾಡಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಪುರಿಯವಳು ಬೋಣಿ ಆಗಿಹೋಯಿತೆಂದಳು. ಅವಳ ಮೂಟೆಯ ಬಾಯಿಯನ್ನು ಇನ್ನೂ ಬಿಚ್ಚಿರಲಿಲ್ಲ. ಬೆಲ್ಲದವನೂ ಹಾಗೇ ಅಂದ. ಕಾಕನಂತೂ ಅಕ್ಕನ ಮುಖ ನೋಡಲಾರದೆ ಮೀನಿನ ಮೇಲಿನ ನೊಣ ಓಡಿಸುತ್ತಾ, ತನ್ನದೂ ಈಗ ತಾನೇ ಆಯಿತು ಮಗಳೇ ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಪಾಪ, ತೊದಲಿದರು.

ಅಕ್ಕ ನಮ್ಮ ಜಾಗಕ್ಕೆ ಬಂದಳು. ಅವ್ವ ಆಗಷ್ಟೇ ಗೋಣಿ ಹಾಸಿ ಬದನೆ ಸುರಿದಿದ್ದಳು. ಒಂದೇ ಗಾಡಿಯಲ್ಲಿ ಬಂದವರು ನಾವು. ಬೋಣಿ ಆಗಿದೆ ಎನ್ನಲು ಅವ್ವನಿಗೆ ದಾರಿಯೇ ಇರಲಿಲ್ಲ. ಅಕ್ಕ ಬೆವರಿದ ಅಂಗೈಯಲ್ಲಿದ್ದ ಒಂದಾಣೆಯನ್ನು ಮುಂದೆ ಚಾಚಿದಳು.

“ನೀನಾದ್ರೂ ತಗೊಳವ್ವ.”

ಅವ್ವ ಸುತ್ತಲೂ ನೋಡಿದಳು. ಎಲ್ಲರ ಕಣ್ಣೂ ನಮ್ಮ ಮೇಲೇ ಇತ್ತು. ಆಮೇಲೆ ತಲೆ ಎತ್ತದೆ ಮೆಲ್ಲಗೆ ಹೇಳಿದಳು:

“ಅದ್ನ ನಿನ್ ತಂಗಿ ಕೈಗೆ ಕೊಡು. ಅವಳು ಕೊಡ್ಲಿ.”

ಅಕ್ಕ ಕೊಟ್ಟಳು. ನಾನು ಅವ್ವನಿಗೆ ಕೊಟ್ಟೆ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿದಳು. ಮಧ್ಯಾಹ್ನಕ್ಕೆಲ್ಲ ಬದನೆ ಖರ್ಚಾಯಿತು. ಮುಂದಿನ ವಾರದಿಂದ ಕಾಕ, ಪುರಿಯವಳು, ಎಲ್ಲರೂ ಬೋಣಿಗೆ ನನ್ನನ್ನೇ ಕರೆದರು. ಅಕ್ಕ ಮತ್ತೆಂದೂ ಸಂತೆಗೆ ಬರಲಿಲ್ಲ. ಹಿಂದಿನ ದಿನ ಬಿಸಿಲಿನಲ್ಲಿ ಬದನೆ ಕಿತ್ತು ಬುಟ್ಟಿ ತುಂಬಿಡುವುದು ಮಾತ್ರ ಅವಳ ಪಾಲಿಗೆ ಉಳಿಯಿತು. ಅದಕ್ಕೆ ಅವಳ ಕೈ ಆಗುತ್ತಿತ್ತು.