ಮೂವತ್ತಕ್ಕೆ ತುಂಡಾದ ಹೆಸರು

೧೯೯೬ರ ಮಾರ್ಚ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆಗೆ, ನಾನು ದೊಡ್ಡಬಳ್ಳಾಪುರದ ಮುದ್ರಣಾಲಯವೊಂದರ ಲೇಸರ್ ಪ್ರಿಂಟರಿನ ಎಡಪಕ್ಕದಲ್ಲಿ ನಿಂತಿದ್ದೆ. ಅಲ್ಲಿ ನಾನು ಡಿಟಿಪಿ ಆಪರೇಟರ್. ಮರುದಿನ ಬೆಳಗ್ಗೆ ನೇಕಾರರ ಸಂಘದ ಚುನಾವಣೆ. ಸದಸ್ಯರ ಹೆಸರೂ ಬೀದಿಯೂ ಇರುವ ೮೪೦ ಮತದಾನ ಚೀಟಿಗಳು ಸಂಜೆ ಆರರೊಳಗೆ ಸಂಘಕ್ಕೆ ಹೋಗಬೇಕಿತ್ತು. ಸದಸ್ಯರ ಪಟ್ಟಿಗೂ ಚೀಟಿಗೂ ಹೆಸರು ಹೊಂದದಿದ್ದರೆ ಮತವಿಲ್ಲ.

ಪುಟ ಜೋಡಿಸುವ ಸಾಫ್ಟ್‌ವೇರಿಗೆ ನಾನೊಂದು ಸ್ಕ್ರಿಪ್ಟ್, ಅಂದರೆ ಪಟ್ಟಿಯಿಂದ ಚೀಟಿಗಳನ್ನು ತಾನೇ ತುಂಬುವ ಪುಟ್ಟ ಪ್ರೋಗ್ರಾಂ, ಬರೆದಿದ್ದೆ. ಪಟ್ಟಿಯ ಒಂದೊಂದು ಸಾಲನ್ನು ಹಿಡಿದಿಡುವುದು ಸ್ಟ್ರಿಂಗ್ ವೇರಿಯಬಲ್. ಅದರಿಂದ ಬೇಕಾದ ತುಂಡು ಕತ್ತರಿಸುವುದು ಸ್ಟ್ರಿಂಗ್ ಫಂಕ್ಷನ್. ಮೊದಲ ಮೂವತ್ತು ಸ್ಥಾನ ಹೆಸರಿಗೆ, ಉಳಿದದ್ದು ಬೀದಿಗೆ ಎಂದು ಬರೆದು, ಹತ್ತು ಹೆಸರುಗಳಲ್ಲಿ ಪರೀಕ್ಷಿಸಿದ್ದೆ. ಹತ್ತೂ ಚಿಕ್ಕ ಹೆಸರುಗಳು. ನಮ್ಮ ಕನ್ನಡ ಫಾಂಟಿನಲ್ಲಿ ಒಂದೊಂದು ಅಕ್ಷರ ಎರಡು ಮೂರು ಸ್ಥಾನ ನುಂಗುತ್ತದೆಂದು ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸಂಘದ ಪರವಾಗಿ ಕರಡು ನೋಡಲು ಸಾವಿತ್ರಮ್ಮ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಮಗ್ಗವೂ ಸದಸ್ಯತ್ವವೂ ಇವರಿಗೆ ಬಂದಿದ್ದವು. ಇದು ಇವರ ಮೊದಲ ಮತ. ಚೀಟಿ ಹಿಡಿದು ನಿಧಾನವಾಗಿ ಓದಿದರು: "ಸಾವಿತ್ರಮ್ಮ ಕೋಂ ವೆಂಕಟ." ಕೆಳಗಿನ ಸಾಲಿನಲ್ಲಿ, "ರಮಣಪ್ಪ ನೇಕಾರರ ಬೀದಿ."

"ಏನಪ್ಪಾ, ನಮ್ಮ ಯಜಮಾನ್ರನ್ನ ಅರ್ಧಕ್ಕೇ ಕಡಿದು ಬೀದಿಗೆ ಹಾಕ್ಬಿಟ್ಯಲ್ಲ! ನಾಳೆ ನನ್ನನ್ನ ಒಳಗೆ ಬಿಡ್ತಾರಾ?"

ನಾನು ಎಣಿಸಿದೆ, ಅಂಥ ಚೀಟಿಗಳು ಅರವತ್ತಮೂರು. ಮುದ್ರಣಾಲಯದ ಮಾಲೀಕ ನಂಜುಂಡಣ್ಣ, "ಮೂವತ್ತನ್ನ ನಲವತ್ತು ಮಾಡೋ" ಎಂದರು. ಪಟ್ಟಿಯಲ್ಲಿ ಚಿಕ್ಕ ಹೆಸರುಗಳ ಮುಂದೆ ಮೂವತ್ತರವರೆಗೆ ಖಾಲಿ ಬಿಟ್ಟು ಅಲ್ಲಿಂದ ಬೀದಿ ಶುರುವಾಗುತ್ತಿತ್ತು; ನಲವತ್ತು ಮಾಡಿದರೆ ಆ ಹೆಸರುಗಳೊಳಗೆ ಬೀದಿ ನುಗ್ಗಿತು.

ಸಾವಿತ್ರಮ್ಮ ಪರದೆ ನೋಡುತ್ತಿದ್ದರು. "ಎಣಿಸ್ಕೊಂಡ್ ಯಾಕಪ್ಪಾ ಕತ್ತರಿಸ್ತೀಯ? ಮಗ್ಗದಿಂದ ಸೀರೆಗಳು ಒಂದಕ್ಕೊಂದು ಅಂಟ್ಕೊಂಡೇ ಬರ್ತವೆ. ಮಧ್ಯ ನೇಯದೆ ಬಿಟ್ಟಿರೋ ಜಾಗ ನೋಡಿ ಕತ್ರಿ ಹಾಕ್ತೀವಿ."

ಪಟ್ಟಿ ನೋಡಿದೆ. ಹೆಸರಿನ ಒಳಗೆ ಒಂದೊಂದೇ ಖಾಲಿ ಸ್ಥಾನ. ಹೆಸರಿಗೂ ಬೀದಿಗೂ ನಡುವೆ ಎಲ್ಲ ಸಾಲುಗಳಲ್ಲೂ ಕನಿಷ್ಠ ಎರಡು. ನೇಯದೆ ಬಿಟ್ಟ ಜಾಗ ಅಲ್ಲೇ ಇತ್ತು. ಜೋಡಿ ಖಾಲಿಯನ್ನು ಹುಡುಕುವ ಫಂಕ್ಷನ್ ಸೇರಿಸಿ, ಅದು ಸಿಕ್ಕಲ್ಲಿಗೆ ಹೆಸರನ್ನು ಕತ್ತರಿಸುವಂತೆ ಬರೆದೆ. ಐದೂವರೆಗೆ ಕೊನೆಯ ಚೀಟಿ ಹೊರಬಂತು. ಚೀಟಿಗಳು ಬರುತ್ತಿದ್ದಂತೆಯೇ ಮೂವರೂ ಕೂತು ಎಲ್ಲವನ್ನೂ ಪಟ್ಟಿಯೊಡನೆ ತಾಳೆ ನೋಡುತ್ತ ಬಂದಿದ್ದೆವು. ಒಂದೂ ತಪ್ಪಿರಲಿಲ್ಲ.

"ಬಂದ್ರು ನೋಡು ನಮ್ಮ ಯಜಮಾನ್ರು, ಪೂರ್ತಿಯಾಗಿ," ಎಂದು ಸಾವಿತ್ರಮ್ಮ ನಕ್ಕರು. ಮರುದಿನ ಸಾಲಿನಲ್ಲಿ ಮೊದಲು ನಿಂತವರು ಅವರೇ. ೮೪೦ರಲ್ಲಿ ಒಂದು ಚೀಟಿಗೂ ತಕರಾರು ಬರಲಿಲ್ಲ.

ಅಂದಿನಿಂದ ಅಳತೆ ನಂಬಿ ಯಾವ ಸಾಲನ್ನೂ ಕತ್ತರಿಸಿಲ್ಲ. ಗುರುತು ಹುಡುಕಿ ಕತ್ತರಿಸಿದ್ದೇನೆ. ಪರೀಕ್ಷೆಗೆ ಮೊದಲು ಆರಿಸುವುದು ಅತಿ ಉದ್ದದ ಹೆಸರನ್ನೇ. ಆ ಮಧ್ಯಾಹ್ನ ಅಲ್ಲಿದ್ದವರಲ್ಲಿ ನಂಜುಂಡಣ್ಣ ಈಗಿಲ್ಲ. ಸಾವಿತ್ರಮ್ಮ ಇದ್ದಾರೆ. ತುಂಡು ಹೆಸರಿನ ಆ ಕರಡು ಚೀಟಿಯೂ ಅವರ ಬಳಿ ಇದೆ.